ಪಾಂಪೇಯೋ ಮಾಂಟ್ರಿಯಲೋ: ಪುನರುಜ್ಜೀವನಗೊಂಡ ಎರಡು ರಾಕ್ ಕಛೇರಿ ಚಿತ್ರಗಳು

ಬ್ರಿಟನ್ನಿನ ರಾಕ್ ತಂಡಗಳಾದ ಪಿಂಕ್ ಫ್ಲಾಯ್ಡ್ ಇಟಲಿಯ ಪಾಂಪೇಯಲ್ಲಿ ಮತ್ತು ಕ್ವೀನ್ ಕೆನಡಾದ ಮಾಂಟ್ರಿಯಲ್‌ನಲ್ಲಿ ನೀಡಿದ ಕಛೇರಿಗಳ ಚಿತ್ರಗಳೆರಡೂ ಹೊಸದಾಗಿ ಸಂಸ್ಕರಣೆಗೊಂಡು ಐಮ್ಯಾಕ್ಸ್ ಎಂಬ ಬೃಹತ್ ಪರದೆಗೆ ಬಂದಿವೆ. ಒಂದನ್ನೇ ನೋಡಲು ಬಿಡುವಿರುವವರು, ತಮಗೆ ಜನಸ್ತೋಮದ ಸಂಭ್ರಮ ಬೇಕೋ ವಾದಕರ ಏಕಾಗ್ರತೆ ಬೇಕೋ ಎಂಬುದನ್ನು ಮೊದಲು ನಿರ್ಧರಿಸಿಕೊಳ್ಳಬೇಕು.

ಪಾಂಪೇ ಚಿತ್ರವನ್ನು ನಿರ್ದೇಶಕ ಏಡ್ರಿಯನ್ ಮೇಬನ್ 1971ರ ಅಕ್ಟೋಬರಿನಲ್ಲಿ, ಪ್ರಾಚೀನ ರೋಮನ್ ಬಯಲು ರಂಗಮಂದಿರದಲ್ಲಿ, ಪ್ರೇಕ್ಷಕರನ್ನೇ ಕರೆಯದೆ ಚಿತ್ರೀಕರಿಸಿದರು. ಉಳಿದ ಕೆಲವು ಭಾಗಗಳನ್ನು ಪ್ಯಾರಿಸ್ಸಿನ ಸ್ಟುಡಿಯೋದಲ್ಲಿ ಸೇರಿಸಲಾಯಿತು. ಚಪ್ಪಾಳೆಯಿಲ್ಲದ ಆ ಖಾಲಿ ಆವರಣದಲ್ಲಿ ಕ್ಯಾಮೆರಾ ಕೈಬೆರಳುಗಳ ಮೇಲೆ ನಿಧಾನವಾಗಿ ನಿಲ್ಲುತ್ತದೆ. ಡ್ರಮ್ಸ್ ನುಡಿಸುತ್ತಿರುವ ನಿಕ್ ಮೇಸನ್ ಅವರ ಕೈಯಿಂದ ಕೋಲೊಂದು ಜಾರಿ ಹೋದಾಗ, ಅವರು ಲಯ ಕೆಡಿಸದೆ ಇನ್ನೊಂದನ್ನು ಎತ್ತಿಕೊಳ್ಳುವ ಕ್ಷಣವನ್ನು ತಪ್ಪದೆ ಗಮನಿಸಬೇಕು. 2025ರಲ್ಲಿ ಬಂದ 4ಕೆ (ಅತಿ ಸ್ಪಷ್ಟ ಚಿತ್ರದ) ಆವೃತ್ತಿಗೆ ಸಂಗೀತಗಾರ ಸ್ಟೀವನ್ ವಿಲ್ಸನ್ ಹೊಸ ಧ್ವನಿಮಿಶ್ರಣ ಮಾಡಿದ್ದಾರೆ. ನನ್ನ ಮಟ್ಟಿಗೆ ಈ ಪುನರುಜ್ಜೀವನದ ನಿಜವಾದ ಸಾರ್ಥಕತೆ ಇರುವುದು ಅಲ್ಲಿಯೇ.

ಮಾಂಟ್ರಿಯಲ್ ಚಿತ್ರದ ಸ್ವಭಾವ ಬೇರೆ. 1981ರ ನವೆಂಬರ್ 24 ಮತ್ತು 25ರಂದು ಕಿಕ್ಕಿರಿದ ಕ್ರೀಡಾಂಗಣದಲ್ಲಿ ಚಿತ್ರೀಕರಿಸಿದ ಇದರಲ್ಲಿ ಕ್ವೀನ್‌ನ ಗಾಯಕ ಫ್ರೆಡ್ಡಿ ಮರ್ಕ್ಯುರಿ ಪಿಯಾನೋದಿಂದೆದ್ದು ಬಂದು ಸಭೆಯನ್ನು ಒಂದೇ ಕೊರಳಾಗಿ ಹಾಡಿಸುತ್ತಾರೆ. ಪರಿಚಿತ ಹಾಡುಗಳೇ ಹೆಚ್ಚಿರುವುದರಿಂದ ಹೊಸಬರು ಇದರಿಂದ ಆರಂಭಿಸುವುದು ಲೇಸು.

ದೀರ್ಘ ವಾದ್ಯಭಾಗಗಳನ್ನು ತಾಳ್ಮೆಯಿಂದ ಆಲಿಸುವವರಿಗೆ ನಾನು ಹಿಂಜರಿಯದೆ ಪಾಂಪೇಯನ್ನೇ ಸೂಚಿಸುತ್ತೇನೆ. ಆದರೆ ಅದನ್ನು ಟಿವಿಯ ಸಣ್ಣ ಸ್ಪೀಕರಿನಲ್ಲಿ ಕೇಳಬೇಡಿ. ಒಳ್ಳೆಯ ಹೆಡ್‌ಫೋನ್ ಆದರೂ ಇರಲಿ.