ವಿಂಡೋಸ್ ಹಗುರ ಮಾಡಲು ಸ್ಕ್ರಿಪ್ಟೋ, ರೆಜಿಸ್ಟ್ರಿ ಫೈಲೋ, ಕೈಕೆಲಸವೋ?

ಬಳ್ಳಾರಿ ಕೌಲ್‌ಬಜಾರಿನ ಜೀನ್ಸ್ ಘಟಕದ ಬಿಲ್ಲಿಂಗ್ ಕಂಪ್ಯೂಟರ್ ಇರಲಿ, ಗಂಗಾವತಿಯ ಗ್ರಾಮ ಒನ್ ಕೇಂದ್ರದ್ದಿರಲಿ, ವಿಂಡೋಸ್ 11 ನಿಧಾನವಾದರೆ ಬೇಡದ್ದನ್ನು ತೆಗೆದು ಹಗುರ ಮಾಡಲು ಯಾವುದೋ ವಿಡಿಯೋ ನೋಡಿ ಪವರ್‌ಶೆಲ್‌ನಲ್ಲಿ (ಆಜ್ಞೆಗಳನ್ನು ಬರೆದು ಓಡಿಸುವ ವಿಂಡೋಸ್ ಕಿಟಕಿ) ಒಂದು ಸಾಲು ಅಂಟಿಸುವುದು ರೂಢಿಯಾಗಿದೆ. ಅದೇ ಕೆಲಸವನ್ನು ಮೂರು ಬಗೆಯಲ್ಲಿ ಮಾಡಿ ನೋಡಿದಾಗ ಕಂಡದ್ದು ಇದು.

ಸ್ಕ್ರಿಪ್ಟ್, ಅಂದರೆ ಸಾಲಾಗಿ ಓಡುವ ಆಜ್ಞೆಗಳ ಪಟ್ಟಿ. ಬೇಗ ಮುಗಿಯುತ್ತದೆ, ಅದೊಂದೇ ಲಾಭ. ಆ ಸಾಲಿನ 'ಐಆರ್‌ಎಂ' ಇಂಟರ್ನೆಟ್‌ನಿಂದ ಕೋಡ್ ತರುತ್ತದೆ, 'ಐಇಎಕ್ಸ್' ತಂದದ್ದನ್ನು ಹಾಗೇ ಓಡಿಸುತ್ತದೆ. ಫೈಲ್ ಡಿಸ್ಕ್‌ಗೆ ಇಳಿಯುವುದೇ ಇಲ್ಲ. ಆದ್ದರಿಂದ ಸ್ಕ್ರಿಪ್ಟ್ ಫೈಲ್‌ಗಳನ್ನು ತಡೆಯುವ ಎಕ್ಸಿಕ್ಯೂಶನ್ ಪಾಲಿಸಿ ಇಲ್ಲಿ ಅಡ್ಡ ಬರದು. ಏನು ಬದಲಾಯಿತೆಂದು ನಾಳೆ ತೆರೆದು ನೋಡಲೂ ಸಾಮಾನ್ಯವಾಗಿ ಏನೂ ಉಳಿದಿರದು. 'ಯಾರಿಗೂ ಬೇಡ' ಎಂದು ಇಂಥ ಸ್ಕ್ರಿಪ್ಟ್‌ಗಳು ನಿಲ್ಲಿಸುವ ಸರ್ವಿಸ್‌ಗಳಲ್ಲಿ (ಹಿನ್ನೆಲೆಯಲ್ಲಿ ಓಡುವ ಕಾರ್ಯಕ್ರಮಗಳಲ್ಲಿ) ನಮ್ಮ ಅಂಗಡಿಗಳಿಗೆ ಬೇಕಾದವೂ ಸೇರಿರಬಹುದು. ಪ್ರಿಂಟ್ ಸ್ಪೂಲರ್ ನಿಂತರೆ ಪಹಣಿ ಪ್ರಿಂಟ್ ಬರದು. ಸ್ಮಾರ್ಟ್ ಕಾರ್ಡ್ ಸರ್ವಿಸ್ ನಿಂತರೆ ಗುತ್ತಿಗೆದಾರರ ಇ-ಟೆಂಡರ್ ಸಹಿಯ ಟೋಕನ್ ಕಾಣಿಸದೆ ಹೋಗಬಹುದು. ಟೈಪಿಂಗ್ ನೋಡಿಕೊಳ್ಳುವ ಸಿಟಿಎಫ್‌ಮಾನ್ ಎಂಬ ಕಾರ್ಯಕ್ರಮ ನಿಂತರೆ ಕನ್ನಡ ಕೀಲಿಮಣೆಗೆ ಬದಲಿಸುವುದು ಕೈಕೊಡುತ್ತದೆ, ಸ್ಟಾರ್ಟ್ ಮೆನುವಿನ ಹುಡುಕಾಟದಲ್ಲಿ ಅಕ್ಷರವೇ ಮೂಡದಿರಬಹುದು. ತೊಂದರೆ ಗೊತ್ತಾಗುವುದು ಎಷ್ಟೋ ದಿನದ ಮೇಲೆ. ಆಗ ಸರಿಯಿರುವ ಪ್ರಿಂಟರ್ ರಿಪೇರಿಗೆ ಹೋಗುತ್ತದೆ. ಮೊದಲು ಸ್ಟಾರ್ಟ್ ಮೆನುವಿನಲ್ಲಿ ಹುಡುಕಿ 'ಸರ್ವಿಸಸ್' ತೆರೆದು, ಪ್ರಿಂಟ್ ಸ್ಪೂಲರ್ ಮೇಲೆ ಎರಡು ಸಲ ಒತ್ತಿ, ಸ್ಟಾರ್ಟಪ್ ಟೈಪ್ 'ಆಟೊಮ್ಯಾಟಿಕ್' ಮಾಡಿ, 'ಸ್ಟಾರ್ಟ್' ಕೊಟ್ಟು ನೋಡಿ.

ರೆಜಿಸ್ಟ್ರಿ ಫೈಲ್. ವಿಂಡೋಸ್ ತನ್ನ ಸೆಟ್ಟಿಂಗ್ ಇಟ್ಟುಕೊಳ್ಳುವ ಜಾಗ ರೆಜಿಸ್ಟ್ರಿ, ಅದನ್ನು ಬದಲಿಸುವ ಫೈಲ್ ಇದು. ಇದನ್ನು ನೋಟ್‌ಪ್ಯಾಡಿನಲ್ಲಿ ಓದಬಹುದು, ಅದೇ ದೊಡ್ಡ ಗುಣ. ಚೌಕ ಆವರಣದ ಒಳಗೆ ಮೊದಲಿಗೇ ಮೈನಸ್ ಚಿಹ್ನೆ ಇದ್ದರೆ ಆ ಕೀ (ರೆಜಿಸ್ಟ್ರಿಯ ಫೋಲ್ಡರ್) ಪೂರ್ತಿ ಅಳಿಯುತ್ತದೆ. ಅಂಥ ಫೈಲ್ ಮುಟ್ಟಬೇಡಿ. ಬ್ಯಾಕಪ್ ಬಗ್ಗೆ ಎಚ್ಚರ: ಮೊದಲೇ ಎಕ್ಸ್‌ಪೋರ್ಟ್ ಮಾಡಿದ್ದನ್ನು ಮತ್ತೆ ಸೇರಿಸಿದರೆ ಹಳೆಯ ಮೌಲ್ಯಗಳು ಮರಳುತ್ತವೆ, ಆದರೆ ಹೊಸದಾಗಿ ಸೇರಿದವು ಅಲ್ಲೇ ಕೂತಿರುತ್ತವೆ. ಅವನ್ನು ಒಂದೊಂದಾಗಿ ಅಳಿಸಬೇಕು. ಹತ್ತಾರು ಯಂತ್ರ ನೋಡಿಕೊಳ್ಳುವವರಿಗೆ ಮಾತ್ರ ಇದು ಸರಿ.

ಕೈಯಾರೆ. ಅರ್ಧ ಗಂಟೆ ಎತ್ತಿಡಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು 'ಸ್ಟಾರ್ಟಪ್ ಆ್ಯಪ್ಸ್'ನಲ್ಲಿ ಬೇಡದ್ದನ್ನು ಡಿಸೇಬಲ್ ಮಾಡಿ. ಬೆರಳ ಗುರುತು ಓದುವ ಸಾಧನದ್ದೂ ಕನ್ನಡ ಟೈಪಿಂಗಿನದೂ ಇರಲಿ. ಸೆಟ್ಟಿಂಗ್ಸ್‌ನ 'ಇನ್‌ಸ್ಟಾಲ್ಡ್ ಆ್ಯಪ್ಸ್'ನಲ್ಲಿ ಆಟ, ಟ್ರಯಲ್ ಆ್ಯಂಟಿವೈರಸ್ ತೆಗೆಯಿರಿ. 'ಡಯಾಗ್ನಾಸ್ಟಿಕ್ಸ್ ಅಂಡ್ ಫೀಡ್‌ಬ್ಯಾಕ್'ನಲ್ಲಿ ಐಚ್ಛಿಕ ಮಾಹಿತಿ ಆಫ್ ಮಾಡಿ. ತೆಗೆದ ಆ್ಯಪ್ ಮತ್ತೆ ಹಾಕಿಕೊಳ್ಳಬೇಕು, ಉಳಿದದ್ದು ಯಾವುದು ಕೆಟ್ಟರೂ ಅದೇ ಸ್ವಿಚ್ಚಿಗೆ ಹಿಂತಿರುಗಬಹುದು. ಸಾಮಾನ್ಯ ಬಳಕೆದಾರರಿಗೆ ನಾವು ಧೈರ್ಯವಾಗಿ ಹೇಳುವುದು ಇದನ್ನೇ.

ಇಷ್ಟಾದರೂ ಟಾಸ್ಕ್ ಮ್ಯಾನೇಜರಿನಲ್ಲಿ ಡಿಸ್ಕ್ ಸದಾ 100% ತೋರಿಸಿದರೆ, ಒಳಗಿರುವುದು ಹಳೆಯ ಹಾರ್ಡ್‌ಡಿಸ್ಕ್ ಆಗಿದ್ದರೆ, ಯಾವ ಸ್ಕ್ರಿಪ್ಟೂ ಉಪಯೋಗವಿಲ್ಲ. ಅದಕ್ಕಿಂತ ಬಹಳ ವೇಗದ ಎಸ್‌ಎಸ್‌ಡಿ ಡ್ರೈವ್ ಹಾಕಿಸಿ.

ಸ್ಕ್ರಿಪ್ಟೇ ಬೇಕೆಂದರೆ ಅದನ್ನು ಫೈಲಾಗಿ ಇಳಿಸಿಕೊಂಡು ಓದಿ, 'ಕ್ರಿಯೇಟ್ ಎ ರೀಸ್ಟೋರ್ ಪಾಯಿಂಟ್' ತೆರೆದು ಸಿ ಡ್ರೈವ್‌ಗೆ ಪ್ರೊಟೆಕ್ಷನ್ ಆನ್ ಇದೆಯೇ ನೋಡಿ. ಎಷ್ಟೋ ಯಂತ್ರಗಳಲ್ಲಿ ಆಫ್ ಇರುತ್ತದೆ. ಆನ್ ಮಾಡಿ, ಕೆಟ್ಟರೆ ಮರಳಲು ಒಂದು ರೀಸ್ಟೋರ್ ಪಾಯಿಂಟ್ ಮಾಡಿಟ್ಟುಕೊಂಡ ಮೇಲೇ ಸ್ಕ್ರಿಪ್ಟ್ ಓಡಿಸಿ. 'ನೀವು ರೋಬೋಟ್ ಅಲ್ಲವೆಂದು ತೋರಿಸಿ' ಎಂದು ವಿಂಡೋಸ್ ಕೀ ಜೊತೆ ಆರ್ ಒತ್ತಿಸಿ ಏನನ್ನಾದರೂ ಪೇಸ್ಟ್ ಮಾಡಿಸುವ ಪುಟವಂತೂ ಕಳ್ಳರದ್ದು, ಕೂಡಲೇ ಮುಚ್ಚಿ.