ಹನಿಕೋಂಬ್ ಪ್ಯಾಡಿನ ಏರ್ ಕೂಲರ್: ಒಣಹವೆಗೆ ಸರಿ, ಐಸ್ ಬೇಡ

ಕೂಲರ್ ಕೊಳ್ಳುವ ಮೊದಲು ನೋಡಬೇಕಾದದ್ದು ಗಾಳಿಯ ತೇವಾಂಶ. 38 ಡಿಗ್ರಿ ಬಿಸಿಗೆ 20% ತೇವಾಂಶವಿದ್ದರೆ ವೆಟ್ ಬಲ್ಬ್ ತಾಪಮಾನ (ನೀರು ಆವಿಯಾಗುವುದರಿಂದಲೇ ಗಾಳಿ ತಣಿಯಬಲ್ಲ ಕನಿಷ್ಠ ಮಟ್ಟ) ಸುಮಾರು 21 ಡಿಗ್ರಿ. ಈ 17 ಡಿಗ್ರಿ ಅಂತರದಲ್ಲಿ ಒಳ್ಳೆಯ ಪ್ಯಾಡ್ (ಗಾಳಿ ಹಾಯುವ, ನೀರಲ್ಲಿ ತೊಯ್ದ ಜೇನುಗೂಡಿನಂಥ ಕಾಗದದ ಹಲಗೆ) 80% ಇಳಿಸಿಕೊಡುತ್ತದೆ, ಅಂದರೆ ಒಳಬರುವ ಗಾಳಿ 24-25 ಡಿಗ್ರಿ. ಅದೇ ಯಂತ್ರ 32 ಡಿಗ್ರಿ, 75% ತೇವಾಂಶದಲ್ಲಿ ಮೂರು ಡಿಗ್ರಿ ಇಳಿಸಿದರೆ ಹೆಚ್ಚು, ಮೈ ಜಿಗುಟಾಗುವುದು ಬೇರೆ. ಅಂಥ ಹವೆಯಲ್ಲಿ ದಯವಿಟ್ಟು ಕೊಳ್ಳಬೇಡಿ.

‘ಐಸ್ ಚೇಂಬರ್’ ಇದೆಯೆಂದು ಹೆಚ್ಚು ದುಡ್ಡು ಕೊಡುವುದೂ ವ್ಯರ್ಥ. ಒಂದು ಕಿಲೋ ಐಸ್ ಕರಗುವಾಗ 334 ಕಿಲೋಜೂಲ್ ಶಾಖ ಹೀರುತ್ತದೆ. ಒಂದು ಕಿಲೋ ನೀರು ಆವಿಯಾಗುವಾಗ ಸುಮಾರು 2,430. ಗಂಟೆಗೆ 1,500 ಘನ ಮೀಟರ್ ಗಾಳಿ ಬೀಸುವ ಕೂಲರ್ ಮೇಲೆ ಹೇಳಿದ ಒಣಹವೆಯಲ್ಲಿ ಗಂಟೆಗೆ ಒಂಬತ್ತೂವರೆ ಲೀಟರ್ ನೀರು ಕುಡಿಯುತ್ತದೆ. ಐದು ಕಿಲೋ ಐಸ್ ಕರಗಿ ಹೀರುವಷ್ಟು ಶಾಖವನ್ನು ಅದು ನಾಲ್ಕೈದು ನಿಮಿಷದಲ್ಲೇ ಹೀರಿಬಿಡುತ್ತದೆ! 40 ಲೀಟರಿನ ಟ್ಯಾಂಕ್ ನಾಲ್ಕು ಗಂಟೆ ದಾಟುವುದಿಲ್ಲವೆಂಬುದೂ ಈ ಲೆಕ್ಕದಲ್ಲೇ ಸಿಗುತ್ತದೆ. ರಾತ್ರಿಯಿಡೀ ಓಡಿಸುವವರು ನಲ್ಲಿಗೆ ಜೋಡಿಸಬಲ್ಲ ಫ್ಲೋಟ್ ವಾಲ್ವ್ (ನೀರು ಇಳಿದಂತೆ ತಾನೇ ತುಂಬಿಸುವ ತೇಲುಗುಂಡಿನ ಕವಾಟ) ಇರುವುದನ್ನೇ ಆರಿಸಿ.

ತಂಪು ಕಡಿಮೆಯಾಯಿತೆಂದರೆ ಮೊದಲು ಪ್ಯಾಡ್ ನೋಡಿ. ಮೇಲಿನ ನೀರಿನ ತೊಟ್ಟಿಯ ರಂಧ್ರಗಳಲ್ಲಿ ಸುಣ್ಣ ಕಟ್ಟಿ, ಪ್ಯಾಡಿನಲ್ಲಿ ಉದ್ದುದ್ದ ಒಣಪಟ್ಟಿ ಬಿದ್ದಿರುತ್ತದೆ. ಆ ಪಟ್ಟಿಯಿಂದ ಬರುವುದು ಬಿಸಿಗಾಳಿಯೇ. ಸೂಜಿಯಿಂದ ರಂಧ್ರ ಬಿಡಿಸಿ, ಪ್ಯಾಡನ್ನು ಸಿಟ್ರಿಕ್ ಆಮ್ಲದ ತೆಳು ದ್ರಾವಣದಲ್ಲಿ ನೆನೆಸಿ ತೊಳೆಯಿರಿ. ಗಟ್ಟಿ ಬ್ರಷ್ ಹಾಕಿದರೆ ಅದರ ಕಾಗದ ಹರಿಯುತ್ತದೆ. ಗಾಳಿಯ ಜೊತೆ ಹನಿ ಹಾರುತ್ತಿದ್ದರೆ ಪ್ಯಾಡ್ ತಿರುಗುಮುರುಗಾಗಿರಬಹುದು: 45/15 ಡಿಗ್ರಿ ಪ್ಯಾಡಿನಲ್ಲಿ (ಒಂದು ಪದರದ ಕಾಲುವೆಗಳು 45, ಮುಂದಿನದರವು 15 ಡಿಗ್ರಿ ಓರೆ) ಕಡಿದಾದ ಕಾಲುವೆಗಳು ಗಾಳಿ ಒಳಹೊಗುವ ಕಡೆಗೆ ಇಳಿಜಾರಾಗಿರಬೇಕು, ಆಗ ಗಾಳಿ ತಳ್ಳಿದ ನೀರು ಹಿಂದಕ್ಕೇ ಹರಿಯುತ್ತದೆ.

ಆವಿಯಾಗುವುದು ನೀರು ಮಾತ್ರ, ಲವಣ ಟ್ಯಾಂಕಿನಲ್ಲೇ ಉಳಿಯುತ್ತದೆ. ಚೆಲ್ಲದೆ ಮೂರು ಟ್ಯಾಂಕಿನಷ್ಟು ನೀರು ಮೇಲಿಂದ ಮೇಲೆ ತುಂಬಿಸಿದರೆ ಲವಣ ಮೊದಲಿನ ನಾಲ್ಕರಷ್ಟಾಗುತ್ತದೆ. ಹಾಗಾಗಿ ತಳದ ಡ್ರೈನ್ ಪ್ಲಗ್ ಸುಲಭವಾಗಿ ಕೈಗೆ ಸಿಗದ ಮಾದರಿ ಬೇಡವೇ ಬೇಡ.

ಕೂಲರನ್ನು ಕಿಟಕಿಗೆ ಬೆನ್ನು ಮಾಡಿ ಇಡಿ, ಎದುರುಗಡೆಯ ಕಿಟಕಿ ತೆರೆದಿರಲಿ. ಮುಚ್ಚಿದ ಕೋಣೆಯಲ್ಲಿ ತೇವ ಏರಿ ಆವಿಯಾಗುವುದೇ ನಿಧಾನವಾಗುತ್ತದೆ. ಮಲಗುವ ಕೋಣೆಯಾದರೆ ನಿಲ್ಲಿಸುವ ಮುನ್ನ ಪಂಪ್ ಆರಿಸಿ, ಅರ್ಧ ಗಂಟೆ ಬರೀ ಫ್ಯಾನ್ ಓಡಿಸಿ. ಪ್ಯಾಡ್ ಒಣಗಿದರೆ ಮುಗ್ಗಲು ವಾಸನೆ ಹತ್ತಿರ ಸುಳಿಯದು.