ವಿಸ್ಪರ್, ಸಬ್‌ಟೈಟಲ್ ಎಡಿಟ್ ಮತ್ತು ಅಪ್ಪನ ಎರಡು ಕಣ್ಣು

ಅಪ್ಪನಿಗೆ ಕಿವಿ ಮಂದ. ಆದರೆ ವಿಆರ್ ಹೆಡ್‌ಸೆಟ್ ಹಾಕಿಕೊಂಡು ಸಮುದ್ರದೊಳಗಿನ ತ್ರಿಡಿ ಸಾಕ್ಷ್ಯಚಿತ್ರ ನೋಡುವುದೆಂದರೆ ಪ್ರಾಣ. ನನ್ನ ಹತ್ತಿರ ಇದ್ದ ಇಂಗ್ಲಿಷ್ ಸಾಕ್ಷ್ಯಚಿತ್ರಕ್ಕೆ ಸಬ್‌ಟೈಟಲ್ ಇರಲಿಲ್ಲ. ಈಗ ಮಾತು ಕೇಳಿ ತಾನೇ ಬರೆದುಕೊಡುವ ಸಾಫ್ಟ್‌ವೇರ್‌ಗಳು ಇವೆಯಲ್ಲ, ಅರ್ಧ ಗಂಟೆಯ ಕೆಲಸ ಅಂದುಕೊಂಡು ಕೂತೆ. ಎರಡು ಭಾನುವಾರ ಹಿಡಿಯಿತು.

ಮೊದಲು ಒಂದು ಆನ್‌ಲೈನ್ ಸೇವೆ ನೋಡಿದೆ. ಹೆಸರು ಬೇಡ ಬಿಡಿ. ಇಡೀ ವಿಡಿಯೋ ಅಪ್‌ಲೋಡ್ ಮಾಡಿ ಅಂತು, ಮಾಡಿದೆ, ಮಧ್ಯಾಹ್ನ ಪೂರ್ತಿ ಅದಕ್ಕೇ ಹೋಯಿತು. ಕೊನೆಗೆ ಅದು ಅಕ್ಷರಗಳನ್ನು ಚಿತ್ರದ ಮೇಲೇ ಅಳಿಸಲಾಗದ ಹಾಗೆ ಅಚ್ಚೊತ್ತಿ ಕೊಟ್ಟಿತು. ಅದೂ ಎಡಗಣ್ಣಿನ ಚಿತ್ರಕ್ಕೂ ಬಲಗಣ್ಣಿನ ಚಿತ್ರಕ್ಕೂ ಸರಿಯಾಗಿ ನಡುವೆ! ಆಮೇಲೆ ತಲೆಗೆ ಹೊಳೆದದ್ದು: ವಿಡಿಯೋ ತ್ರಿಡಿ ಆದರೇನು ಟುಡಿ ಆದರೇನು, ಮಾತು ಬರೆಯುವುದಕ್ಕೆ ಬೇಕಾಗಿರುವುದು ಆಡಿಯೋ ಮಾತ್ರ. ಚಿತ್ರವನ್ನು ಸುಮ್ನೆ ಹೊತ್ತುಕೊಂಡು ತಿರುಗಿದ್ದೆ.

ಹಾಗಾಗಿ ಸಬ್‌ಟೈಟಲ್ ಎಡಿಟ್‌ಗೆ ಬಂದೆ. ಸಬ್‌ಟೈಟಲ್ ಮಾಡಲು, ತಿದ್ದಲು ಇರುವ ಉಚಿತ, ಮುಕ್ತ ತಂತ್ರಾಂಶ. ಮಾತು ಕೇಳಿ ಬರೆದುಕೊಡುವ ವಿಸ್ಪರ್ ಅನ್ನು ಅದರೊಳಗಿಂದಲೇ ಓಡಿಸಬಹುದು. ವಿಸ್ಪರ್ 2022ರ ಸೆಪ್ಟೆಂಬರ್‌ನಲ್ಲಿ ಬಂದದ್ದು, 6,80,000 ಗಂಟೆಗಳ ಆಡಿಯೋ ಕೇಳಿಸಿ ಕಲಿಸಿದ ಮಾದರಿ. ಒಮ್ಮೆ ಇಳಿಸಿಕೊಂಡರೆ ಸಾಕು, ಇಂಟರ್ನೆಟ್ ಇಲ್ಲದೆಯೂ ನಡೆಯುತ್ತದೆ. ದೊಡ್ಡ ಮಾದರಿಗೆ ಸುಮಾರು 10 ಜಿಬಿ ಗ್ರಾಫಿಕ್ಸ್ ಮೆಮೊರಿ ಬೇಕು, ಮೀಡಿಯಂಗೆ 5, ಸ್ಮಾಲ್‌ಗೆ 2 ಸಾಕು. ನಾನು ಮೀಡಿಯಂ ಹಾಕಿದೆ. ನಿರೂಪಕರ ದನಿ ಸ್ಪಷ್ಟವಾಗಿತ್ತು, ಒಬ್ಬರೇ ಮಾತಾಡುತ್ತಾರೆ, ಹಾಗಾಗಿ ಬಂದ ಎಸ್‌ಆರ್‌ಟಿ ಫೈಲ್ (ಮಾತು, ಅದು ಬರುವ ಸಮಯ ಎರಡೂ ಇರುವ ಸಬ್‌ಟೈಟಲ್ ಫೈಲ್) ನೋಡಿ ಖುಷಿಯಾಯಿತು. ಅಲ್ಪವಿರಾಮ, ಪೂರ್ಣವಿರಾಮ ಎಲ್ಲ ತಾನೇ ಹಾಕಿತ್ತು.

ಇಲ್ಲಿ ಒಂದು ಉಪಾಯ ಹೇಳಿಬಿಡುತ್ತೇನೆ. ಆಡಿಯೋ 5.1, ಅಂದರೆ ಆರು ಚಾನೆಲ್‌ಗಳದ್ದು, ಆಗಿದ್ದರೆ ಮಾತು ಸಾಮಾನ್ಯವಾಗಿ ನಡುವಿನ ಚಾನೆಲ್‌ನಲ್ಲಿ ಇರುತ್ತದೆ. ಸಂಗೀತ, ಅಲೆಯ ಸದ್ದು ಎಲ್ಲ ಹೆಚ್ಚಾಗಿ ಉಳಿದವುಗಳಲ್ಲಿ. ಎಫ್‌ಎಫ್‌ಎಂಪೆಗ್ ಎಂಬ ಆಡಿಯೋ-ವಿಡಿಯೋ ಸಾಫ್ಟ್‌ವೇರ್‌ನಿಂದ ಆ ನಡುವಿನ ಚಾನೆಲ್ ಒಂದನ್ನೇ ಬೇರೆ ತೆಗೆದು ಕೊಟ್ಟರೆ ಕೆಲಸ ಎಷ್ಟೋ ಶುದ್ಧವಾಗುತ್ತದೆ. ವಿಸ್ಪರ್ ಹೇಗಿದ್ದರೂ ಎಲ್ಲವನ್ನೂ ಒಂದೇ ಚಾನೆಲ್‌ಗೆ ಇಳಿಸಿ, 30 ಸೆಕೆಂಡಿನ ತುಂಡುಗಳಾಗಿ ಕೇಳುತ್ತದೆ. ಇನ್ನೊಂದು ವಿಷಯ ಬಳಸಿದವರಿಗೆಲ್ಲ ಗೊತ್ತು: ಮಾತೇ ಇಲ್ಲದ ಕಡೆ, ಬರೀ ಸಂಗೀತ ಇರುವ ಕಡೆ, ಈ ಮಾದರಿಗಳು ಇಲ್ಲದ ವಾಕ್ಯ ಹುಟ್ಟಿಸುವುದುಂಟು. ತಿಮಿಂಗಿಲ ಸುಮ್ಮನೆ ಈಜುತ್ತಿರುವಾಗ ಕೆಳಗೆ 'ವೀಕ್ಷಿಸಿದ್ದಕ್ಕೆ ಧನ್ಯವಾದ' ಅಂತ ಬಂದರೆ ಹೇಗಿರುತ್ತದೆ ಹೇಳಿ. ಮಾತು ಇರುವ ಜಾಗ ಮೊದಲು ಗುರುತಿಸಿಕೊಳ್ಳುವ ವಿಎಡಿ ಆಯ್ಕೆ ಇದ್ದರೆ ಆನ್ ಮಾಡಿಕೊಳ್ಳಿ. ಆದರೂ ಒಮ್ಮೆ ಪೂರ್ತಿ ಕೂತು ನೋಡಲೇಬೇಕು.

ಇಷ್ಟಕ್ಕೆ ಕೆಲಸ ಮುಗಿಯಿತು ಅಂತ ಫೈಲನ್ನು ವಿಡಿಯೋ ಪಕ್ಕದಲ್ಲಿಟ್ಟು ಅಪ್ಪನಿಗೆ ಹೆಡ್‌ಸೆಟ್ ಕೊಟ್ಟೆ. ಒಂದೇ ನಿಮಿಷಕ್ಕೆ ತೆಗೆದರು. "ಏನೋ ಇದು, ವಾಕ್ಯದ ಬಾಲ ಮೊದಲು ಬರ್ತಿದೆ, ತಲೆ ಆಮೇಲೆ ಬರ್ತಿದೆ ಕಣೋ."

ತಮಾಷೆ ಅಂದುಕೊಂಡೆ. ನಾನೂ ಹಾಕಿ ನೋಡಿದರೆ ನಿಜ! ಯಾಕೆ ಅಂದರೆ ಅದು ಹಾಫ್ ಸೈಡ್ ಬೈ ಸೈಡ್ ಫೈಲ್. 1920 ಪಿಕ್ಸೆಲ್ ಅಗಲದ ಚೌಕಟ್ಟಿನಲ್ಲಿ ಎಡಗಣ್ಣಿಗೆ 960, ಬಲಗಣ್ಣಿಗೆ 960. ನೋಡುವಾಗ ಎರಡೂ ಅರ್ಧಗಳನ್ನು ಅಡ್ಡಕ್ಕೆ ಎಳೆದು ಒಂದರ ಮೇಲೊಂದು ಕೂರಿಸುತ್ತಾರೆ. ನನ್ನ ಪ್ಲೇಯರ್ ಸಬ್‌ಟೈಟಲನ್ನು ಇಡೀ ಚೌಕಟ್ಟಿನ ನಡುವೆ ಬರೆದಿತ್ತು. ಹಾಗಾಗಿ ಸಾಲಿನ ಮೊದಲರ್ಧ ಎಡಗಣ್ಣಿನ ಚಿತ್ರದ ಬಲ ತುದಿಗೆ ಹೋಯಿತು, ಎರಡನೇ ಅರ್ಧ ಬಲಗಣ್ಣಿನ ಚಿತ್ರದ ಎಡ ತುದಿಗೆ ಬಂತು. ಎರಡನ್ನೂ ಸೇರಿಸಿದಾಗ ಬಾಲ ಎಡಗಡೆ, ತಲೆ ಬಲಗಡೆ. ಅಕ್ಷರಗಳೂ ಎರಡು ಪಟ್ಟು ಅಗಲ. ಅಪ್ಪ ಹೇಳಿದ್ದು ಅಕ್ಷರಶಃ ಸರಿ.

ಕೆಲವು ವಿಆರ್ ಪ್ಲೇಯರ್‌ಗಳು ಎಸ್‌ಆರ್‌ಟಿ ಕೊಟ್ಟರೆ ತಾವೇ ಎರಡೂ ಕಣ್ಣಿಗೆ ಬೇರೆ ಬೇರೆ ಬರೆಯುತ್ತವೆ. ನಿಮ್ಮದು ಹಾಗಿದ್ದರೆ ಇಲ್ಲಿಗೇ ನಿಲ್ಲಿಸಿ, ಮುಂದಿನದು ಮಾಡಿದರೆ ಕಣ್ಣಿಗೆ ಎರಡರಂತೆ ನಾಲ್ಕು ಪ್ರತಿ ಆಗುತ್ತದೆ. ನನ್ನದು ಹಾಗಿರಲಿಲ್ಲ. ಸಬ್‌ಟೈಟಲ್ ಎಡಿಟ್‌ನಲ್ಲಿ ಬ್ಲೂರೇ ಸಬ್‌ಟೈಟಲ್ ಚಿತ್ರಗಳಾಗಿ ಎಕ್ಸ್‌ಪೋರ್ಟ್ ಮಾಡುವ ಕಿಟಕಿಯಲ್ಲಿ ತ್ರಿಡಿ ಅಂತ ಒಂದು ಆಯ್ಕೆ ಇದೆ, ಹಾಫ್ ಸೈಡ್ ಬೈ ಸೈಡ್, ಹಾಫ್ ಟಾಪ್ ಬಾಟಮ್ (ಒಂದು ಕಣ್ಣಿನದು ಮೇಲೆ, ಇನ್ನೊಂದರದು ಕೆಳಗೆ) ಎರಡೂ ಸಿಗುತ್ತವೆ, ಪಕ್ಕದಲ್ಲೇ ಆಳದ, ಅಂದರೆ ಸಾಲು ಎಷ್ಟು ಮುಂದೆ ಅಥವಾ ಹಿಂದೆ ಕಾಣಬೇಕು ಎನ್ನುವ, ಅಂಕಿಯೂ ಇದೆ. ಇದನ್ನು ಇಟ್ಟವರಿಗೆ ಒಂದು ನಮಸ್ಕಾರ. ಆದರೆ ಆಳ ಇಡೀ ಫೈಲ್‌ಗೆ ಒಂದೇ.

ಅದು ಯಾಕೆ ಸಾಲದು ಅಂತ ಗೊತ್ತಾದದ್ದು ಮೀನು ಮುಂದೆ ಬಂದಾಗ. ಒಂದು ದೃಶ್ಯದಲ್ಲಿ ಮೀನೊಂದು ಪರದೆ ದಾಟಿ ಮೂಗಿನ ಹತ್ತಿರ ಬರುತ್ತದೆ. ಅಕ್ಷರ ಮೀನಿನ ಮೈಮೇಲೆ ಬರೆದ ಹಾಗಿದೆ, ಆದರೆ ಕಣ್ಣಿಗೆ ಅದು ಮೀನಿಗಿಂತ ಹಿಂದೆ ಇದೆ. ಹಿಂದಿರುವ ವಸ್ತು ಮುಂದಿನದನ್ನು ಮುಚ್ಚುವುದು ಎಲ್ಲಾದರೂ ಉಂಟಾ? ಹಣೆಯ ಹತ್ತಿರ ಒಂಥರಾ ಹಿಡಿದುಕೊಂಡ ಹಾಗಾಗುತ್ತದೆ.

ಕೊನೆಗೆ ಎಎಸ್‌ಎಸ್ ಫೈಲ್ (ಸಾಲು ಪರದೆಯ ಮೇಲೆ ಎಲ್ಲಿ ಕೂರಬೇಕು ಅಂತಲೂ ಹೇಳಬಹುದಾದ ಸಬ್‌ಟೈಟಲ್ ಫೈಲ್) ಮಾಡಿಕೊಂಡು ಕೈಯಲ್ಲೇ ಸರಿ ಮಾಡಿದೆ. ಪ್ರತಿ ಮಾತನ್ನೂ ಎರಡು ಸಲ, ಅದೇ ಸಮಯಕ್ಕೆ, ಅರ್ಧ ಅಗಲದಲ್ಲಿ: ಒಂದು 480ನೇ ಪಿಕ್ಸೆಲ್‌ಗೆ, ಇನ್ನೊಂದು 1440ಕ್ಕೆ. ಮುಂದೆ ತರಬೇಕಾದ ಕಡೆ ಎಡದ್ದನ್ನು ಸ್ವಲ್ಪ ಬಲಕ್ಕೆ, ಬಲದ್ದನ್ನು ಅಷ್ಟೇ ಎಡಕ್ಕೆ ಸರಿಸಿದರೆ ಸಾಲು ನೋಡುವವರ ಕಡೆಗೆ ಬರುತ್ತದೆ. ಮೀನಿನ ದೃಶ್ಯಕ್ಕೆ 486 ಮತ್ತು 1434 ಹಾಕಿದೆ. ಬರೀ ಆರು ಪಿಕ್ಸೆಲ್, ಆದರೂ ಸಾಲು ಮೀನಿನ ಮುಂದೆ ಬಂದು ನಿಂತಿತು. ಜಾಸ್ತಿ ತಂದರೆ ಮಾತ್ರ ಕಣ್ಣು ಮೆಳ್ಳೆ ಆಗುತ್ತದೆ, ಹುಷಾರು.

ಅಂಕ ಕೊಡು ಅಂದರೆ ಇಂಗ್ಲಿಷ್ ಮಾತು ಕೇಳಿ ಬರೆಯುವುದಕ್ಕೆ ಐದರಲ್ಲಿ ನಾಲ್ಕೂವರೆ. ತ್ರಿಡಿಗೆ ಕೂರಿಸುವುದಕ್ಕೆ ಎರಡೂವರೆ, ಏಕೆಂದರೆ ದೃಶ್ಯ ನೋಡಿ ಆಳ ಹೇಳುವ ಕೆಲಸವನ್ನು ಇದರಲ್ಲಿ ಯಾವುದೂ ಮಾಡುವುದಿಲ್ಲ, ಅದು ಪೂರ್ತಿ ನಿಮ್ಮದೇ ಕಣ್ಣಿನ ಕೆಲಸ. ಕನ್ನಡ ಮಾತಿನ ವಿಡಿಯೋ ಆದರೆ ಇಷ್ಟು ನಿರೀಕ್ಷೆ ಇಟ್ಟುಕೊಳ್ಳಬೇಡಿ. ವಿಸ್ಪರ್ ಪಟ್ಟಿಯಲ್ಲಿ ಕನ್ನಡ ಇದೆ, ಆದರೆ ಅದಕ್ಕೆ ಕೇಳಿಸಿದ ಕನ್ನಡ ತೀರಾ ಕಡಿಮೆ. ತಿದ್ದುವುದಕ್ಕೆ ಹಿಡಿಯುವ ಹೊತ್ತಿನಲ್ಲಿ ನೀವೇ ಕೇಳಿ ಟೈಪ್ ಮಾಡಿ ಮುಗಿಸಿರುತ್ತೀರಿ.